ಚೀಟಿಯ ಮೇಲಿನ ಜಿಲ್ಲೆ: ಒಂದು ಭಜನಾ ಕ್ಯಾಸೆಟ್ಟಿನ ಒಡೆತನದ ಪ್ರಕರಣ

ಗಂಗಾವತಿ ತಾಲ್ಲೂಕಿನ ಹಳ್ಳಿಯೊಂದರ ಭಜನಾ ಮಂಡಳಿಯವರು 1996ರ ಶ್ರಾವಣದಲ್ಲಿ ಬಳ್ಳಾರಿಗೆ ಹೋಗಿ, ಅಲ್ಲಿನ ಸಣ್ಣ ಸ್ಟುಡಿಯೊವೊಂದರಲ್ಲಿ ಎಂಟು ತತ್ವಪದಗಳನ್ನು ಹಾಡಿ ಬಂದರು. ಒಟ್ಟು ಐದು ಮಂದಿ. ಹಾರ್ಮೋನಿಯಂ ನುಡಿಸುತ್ತ ಮುಮ್ಮೇಳ ಹಾಡುವ ಹಿರಿಯರು, ತಬಲಾದವರು, ದಮ್ಮಡಿ ಬಾರಿಸುವವರು, ತಾಳ ಹಾಕುತ್ತ ಹಿಮ್ಮೇಳ ಕೊಡುವ ಇಬ್ಬರು. ಮರುವರ್ಷ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಕ್ಯಾಸೆಟ್ ಮಾರಾಟಕ್ಕೆ ಬಂದಿತು. ಹುಲಿಗೆಮ್ಮನ ಜಾತ್ರೆಯಲ್ಲಿಯೂ ಒಂದಷ್ಟು ಹೋದವು. ಆಮೇಲೆ ಸಿ.ಡಿ. ಬಂದಿತು, ಮೊಬೈಲ್ ಬಂದಿತು, ಕ್ಯಾಸೆಟ್ ಟ್ರಂಕಿನ ತಳ ಸೇರಿತು. ಹಾರ್ಮೋನಿಯಂ ಹಿರಿಯರು 2009ರಲ್ಲಿ ತೀರಿಕೊಂಡರು. ತಬಲಾದವರೂ ದಮ್ಮಡಿಯವರೂ ಅವರ ಹಿಂದೆಯೇ ಹೋದರು.

2023ರಲ್ಲಿ ಹಿರಿಯರ ಮೊಮ್ಮಗ ಆ ಕ್ಯಾಸೆಟ್ಟನ್ನು ಹಳೆಯ ಟೇಪ್‌ರೆಕಾರ್ಡರಿನಲ್ಲಿ ಹಾಕಿ, ಮೊಬೈಲಿನಲ್ಲಿ ಹಿಡಿದು, ಅಜ್ಜನ ಭಾವಚಿತ್ರ ಸೇರಿಸಿ ಒಂದು ವಿಡಿಯೊ ಜಾಲತಾಣಕ್ಕೆ ಏರಿಸಿದ. ಸ್ವಲ್ಪ ಹೊತ್ತಿನಲ್ಲಿಯೇ ಸೂಚನೆ ಬಂದಿತು: ಈ ಧ್ವನಿಮುದ್ರಿಕೆ ಇಂಥ ಸಂಗೀತ ಕಂಪನಿಗೆ ಸೇರಿದ್ದು, ಜಾಹೀರಾತಿನಿಂದ ಬರುವ ಹಣ ಇನ್ನು ಮುಂದೆ ಅವರಿಗೆ ಹೋಗುತ್ತದೆ. ಆ ಕಂಪನಿಯ ಹೆಸರನ್ನು ಮನೆಯವರು ಯಾರೂ ಕೇಳಿದ್ದಿಲ್ಲ.

ನಾನು ಕೊಪ್ಪಳದಲ್ಲಿ ಹಳೆಯ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸ ಮಾಡುತ್ತೇನೆ. ವಕೀಲನಲ್ಲ. ಕಾನೂನಿನ ಭಾಗವನ್ನು ಆ ಮನೆಯವರು ಹಿಡಿದ ವಕೀಲರ ಜೊತೆ ಕುಳಿತು ಓದಿ ತಿಳಿದದ್ದು. ಸಂಬಂಧಪಟ್ಟವರ ಹೆಸರು, ಊರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ಕಂಪನಿಯದು ತಪ್ಪು ಎಂದು ತೋರಿಸುವುದು ಸುಲಭವಾಗಿತ್ತು. ಮೊಮ್ಮಗನದು ಸರಿ ಎಂದು ತೋರಿಸುವುದೇ ಕಷ್ಟವಾಯಿತು.

ಎರಡು ಟೇಪು

ಮೊಮ್ಮಗ ನನ್ನಲ್ಲಿಗೆ ಬಂದಾಗ ಅವನ ಚೀಲದಲ್ಲಿ ಎರಡು ಕ್ಯಾಸೆಟ್ ಇದ್ದವು. ಒಂದು ಜಾತ್ರೆಯಲ್ಲಿ ಮಾರಿದ ಪ್ರತಿ, ಬಣ್ಣದ ಚೀಟಿಯ ಸಮೇತ. ಇನ್ನೊಂದಕ್ಕೆ ಚೀಟಿಯಿರಲಿಲ್ಲ. ಅಂಚಿನಲ್ಲಿ ನೀಲಿ ಶಾಯಿಯಲ್ಲಿ 'ಮೂಲ' ಎಂದು ಬರೆದಿತ್ತು. ಸ್ಟುಡಿಯೊದವರು ಕೊಟ್ಟ ಕ್ರೋಮ್ ಟೇಪು ಅದು. "ಇದು ಹಾಡುವುದಿಲ್ಲ ಅಣ್ಣ, ಬರೀ ಗೊರಗೊರ ಎನ್ನುತ್ತದೆ" ಎಂದು ಅವನು ಅದನ್ನು ಪಕ್ಕಕ್ಕಿಟ್ಟ. ನನಗೆ ಬೇಕಾಗಿದ್ದು ಅದೇ.

ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿದರೆ ಕಾಯಿಲೆ ಗೊತ್ತಾಗುತ್ತದೆ. ಟೇಪನ್ನು ಹೆಡ್ಡಿಗೆ, ಅಂದರೆ ಧ್ವನಿಯನ್ನು ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ತುಂಡು ಅಂಟು ಒಣಗಿ ಉದುರಿ ಬಿದ್ದಿತ್ತು. ನಮ್ಮ ಕಡೆಯ ಬಿಸಿಲಿಗೆ ತಗಡಿನ ಟ್ರಂಕಿನಲ್ಲಿ ಇಟ್ಟ ಕ್ಯಾಸೆಟ್ಟುಗಳಲ್ಲಿ ಹತ್ತಕ್ಕೆ ಐದರ ಗತಿ ಇದೇ. ಟೇಪು ಹಾಳಾಗಿರುವುದಿಲ್ಲ, ಒತ್ತುವ ತುಂಡು ಇಲ್ಲದೆ ಹೆಡ್ಡಿಗೆ ತಾಗುವುದಿಲ್ಲ, ಅಷ್ಟೆ. ಜನ ಹಾಳಾಯಿತೆಂದು ಎಸೆಯುತ್ತಾರೆ. ಎರಡೂ ಚಕ್ರಗಳನ್ನು ಟೇಪಿನ ಸಮೇತ ಎತ್ತಿ ಬೇರೊಂದು ಒಳ್ಳೆಯ ಚಿಪ್ಪಿನಲ್ಲಿ ಕೂರಿಸಿದೆ.

ಮುಂದಿನದು ಹೆಡ್ಡಿನ ವಾಲಿಕೆ. ಕ್ಯಾಸೆಟ್ಟಿನ ಟೇಪು 3.81 ಮಿಲಿಮೀಟರ್ ಅಗಲ. ಅದರಲ್ಲಿ ಎರಡು ಬದಿಗೆ ಸೇರಿ ನಾಲ್ಕು ಹಾದಿ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಅದು ಓಡುತ್ತದೆ. ಇಷ್ಟು ನಿಧಾನದಲ್ಲಿ, ಧ್ವನಿ ಮುದ್ರಿಸಿದ ಹೆಡ್ಡು ಯಾವ ಕೋನದಲ್ಲಿತ್ತೋ ನುಡಿಸುವ ಹೆಡ್ಡು ಅದೇ ಕೋನದಲ್ಲಿ ಇಲ್ಲದಿದ್ದರೆ ಮೇಲಿನ ಸ್ವರವೆಲ್ಲ ಮಂಕಾಗುತ್ತದೆ. ಹೆಡ್ಡಿನ ಪಕ್ಕದಲ್ಲಿ ಇದಕ್ಕೆಂದೇ ಒಂದು ಸಣ್ಣ ಸ್ಕ್ರೂ ಇರುತ್ತದೆ. ಎಡ–ಬಲ ಎರಡೂ ವಾಹಿನಿಗಳನ್ನು ಒಂದಾಗಿ ಸೇರಿಸಿ ಕೇಳುತ್ತ ಅದನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಭಜನೆಯ ಟೇಪಾದರೆ ಕಿವಿ ಹಿಡಿಯಬೇಕಾದದ್ದು ಗಾಯಕರ ದನಿಯನ್ನಲ್ಲ, ಕಂಚಿನ ತಾಳವನ್ನು. ಸ್ಕ್ರೂ ಸರಿಯಾದ ಜಾಗಕ್ಕೆ ಬಂದೊಡನೆ, ಅಲ್ಲಿಯವರೆಗೆ ಗೋಣಿಚೀಲದೊಳಗೆ ಬಡಿದಂತಿದ್ದ ತಾಳ ಬಿಚ್ಚಿಕೊಂಡು ಇಂಪಾಗಿ ಕೊನೆಯವರೆಗೂ ರಿಂಗಣಿಸುತ್ತದೆ. ಹೆಡ್ಡು ಕೂತಿತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಮಾಪಕ ನನಗೆ ಸಿಕ್ಕಿಲ್ಲ.

ಧ್ವನಿಯನ್ನು 96 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿಕೊಂಡೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಎರಡು ಗಿಗಾಬೈಟ್ ಆಗುತ್ತದೆ. ಇಷ್ಟು ದೊಡ್ಡ ಕಡತ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಕೇಳುವುದಕ್ಕೆ ಬೇಕಿಲ್ಲ. ಆದರೆ ಟೇಪನ್ನು ಮತ್ತೊಮ್ಮೆ ನುಡಿಸುವ ಅವಕಾಶ ಸಿಗದೆ ಹೋಗಬಹುದು, ಸದ್ದು ತೆಗೆಯುವ ಸಾಫ್ಟ್‌ವೇರ್ ಮಾತ್ರ ವರ್ಷ ವರ್ಷ ಸುಧಾರಿಸುತ್ತದೆ. ಈಗಲೇ ಹಿಸ್ ಶಬ್ದವನ್ನೆಲ್ಲ ತೊಳೆದು ಎಂ.ಪಿ.3 ಮಾಡಿಟ್ಟರೆ ತಾಳದ ಝೇಂಕಾರವೂ ಅದರ ಜೊತೆಗೇ ಹೋಗುತ್ತದೆ. ಹಾಗೆ ಹೋದದ್ದು ಮತ್ತೆ ಬರುವುದಿಲ್ಲ.

ಮೂಲ ಟೇಪಿನಲ್ಲಿ ಮೊದಲ ಹಾಡಿಗೆ ಮುಂಚೆ ಮಾರಾಟದ ಪ್ರತಿಯಲ್ಲಿ ಇಲ್ಲದ ಒಂದು ತುಣುಕು ಇತ್ತು. ಹಾರ್ಮೋನಿಯಂ ಶುರುವಾಗುತ್ತದೆ, ತಬಲಾ ಸೇರುತ್ತದೆ, ಕೂಡಲೇ ಹಿರಿಯರ ದನಿ: "ತಡೆ, ತಬಲಾ ಇಳಿದಿದೆ." ಸುತ್ತಿಗೆಯಿಂದ ತಬಲಾದ ಅಂಚಿಗೆ ಬಡಿಯುವ ಸದ್ದು, ಯಾರೋ ಕೆಮ್ಮುವುದು, ಮತ್ತೆ ಹಾರ್ಮೋನಿಯಂ. ಮೊಮ್ಮಗ ಅದನ್ನು ನಾಲ್ಕಾರು ಸಲ ಹಾಕಿಸಿಕೊಂಡು ಕೇಳಿದ. ನನಗೆ ಅದು ಬೇರೆ ಕಾರಣಕ್ಕೆ ಮುಖ್ಯವಾಗಿತ್ತು. ಮಾರಾಟದ ಪ್ರತಿಯಿಂದ ಅಥವಾ ಕಂಪನಿಯ ಕಡತದಿಂದ ಈ ಟೇಪನ್ನು ಯಾರೂ ತಯಾರಿಸಲು ಸಾಧ್ಯವಿಲ್ಲ. ನದಿ ಮೇಲಿಂದ ಕೆಳಕ್ಕೆ ಹರಿಯುವುದೇ ಹೊರತು ಕೆಳಗಿನಿಂದ ಮೇಲಕ್ಕಲ್ಲ.

ಹಾರ್ಮೋನಿಯಂ ಸಾಕ್ಷಿ

ಕಂಪನಿಯ ಆಲ್ಬಮ್ ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ಸಿಗುತ್ತಿತ್ತು. ಅದನ್ನು ಮೂಲ ಟೇಪಿನ ಪಕ್ಕದಲ್ಲಿಟ್ಟು ಕೇಳಿದಾಗ ಮೊದಲು ಕಿವಿಗೆ ತಾಗಿದ್ದು ವೇಗ. ಕಂಪನಿಯದು ಚುರುಕು, ಸುರವೂ ತುಸು ಮೇಲೆ. ಅಳೆದರೆ ಸುಮಾರು ಶೇ 3ರ ವ್ಯತ್ಯಾಸ. ಹಾರ್ಮೋನಿಯಂ ಲೆಕ್ಕದಲ್ಲಿ ಶೇ 3 ಎಂದರೆ ಅರ್ಧ ಮನೆ, ಅಂದರೆ ಪಕ್ಕಪಕ್ಕದ ಎರಡು ಕೀಲಿಗಳ ಅಂತರದಲ್ಲಿ ಅರ್ಧ. ಮಂಡಳಿ ಹಾಡುತ್ತಿದ್ದ ಸುರ ಕಪ್ಪು ಎರಡು, ಎಂದರೆ ಸಪ್ತಕದ ಎರಡನೆಯ ಕಪ್ಪು ಮನೆ. ಕಂಪನಿಯ ಕಡತದಲ್ಲಿ ಅದು ಕಪ್ಪು ಎರಡಕ್ಕೂ ಬಿಳಿ ಮೂರಕ್ಕೂ ನಡುವೆ, ಯಾವ ಮನೆಯೂ ಇಲ್ಲದ ಜಾಗದಲ್ಲಿ ಕೂತಿತ್ತು. ಹಾಗೆ ಯಾವ ಹಾರ್ಮೋನಿಯಂ ಕೂಡ ನುಡಿಯುವುದಿಲ್ಲ.

ಟೇಪಿನ ನಿಜವಾದ ವೇಗ ತಿಳಿಯಲು ಸಾಮಾನ್ಯವಾಗಿ ಹಿನ್ನೆಲೆಯ ಗುಂಯ್ ಎನ್ನುವ ವಿದ್ಯುತ್ ಸದ್ದನ್ನು ನೋಡುತ್ತಾರೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್‌ನದು, ಆ ಸದ್ದು 50ರಲ್ಲಿ ಸಿಕ್ಕರೆ ವೇಗ ಸರಿ. ಆದರೆ 1996ರ ಟೇಪಿಗೆ ಈ ಅಳತೆಗೋಲನ್ನು ನಾನು ನಂಬುವುದಿಲ್ಲ. ಆಗ ದಕ್ಷಿಣದ ರಾಜ್ಯಗಳ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. ನಮ್ಮದೇ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೊವೋಲ್ಟ್ ಮಾರ್ಗದ ಮೂಲಕ ಅದು ಸೇರಿದ್ದು 2013ರ ಡಿಸೆಂಬರ್ 31ರಂದು. ಅದಕ್ಕೆ ಮುಂಚೆ, ಅದರಲ್ಲೂ ತೊಂಬತ್ತರ ದಶಕದಲ್ಲಿ, ಬೇಡಿಕೆ ಏರಿದಾಗಲೆಲ್ಲ ಆವರ್ತನ 50ರಿಂದ ಕೆಳಗೆ ಕುಸಿಯುವುದು ಮಾಮೂಲಾಗಿತ್ತು. ಕುಸಿಯುವ ಕರೆಂಟನ್ನು ಸಾಕ್ಷಿ ಕಟ್ಟೆಗೆ ಏರಿಸಿ ಪ್ರಯೋಜನವಿಲ್ಲ.

ಅದಕ್ಕಿಂತ ಗಟ್ಟಿ ಸಾಕ್ಷಿ ಅವರ ಮನೆಯಲ್ಲಿಯೇ ಇತ್ತು. ಹಿರಿಯರ ಹಾರ್ಮೋನಿಯಂ. ಹಿತ್ತಾಳೆಯ ರೀಡುಗಳ ಸುರ ಎಷ್ಟೋ ವರ್ಷವಾದರೂ ಹೆಚ್ಚು ಅತ್ತಿತ್ತ ಹೋಗುವುದಿಲ್ಲ. ಹಳ್ಳಿಗೆ ಹೋಗಿ ಕಪ್ಪು ಎರಡನ್ನು ಒತ್ತಿ ಮೂಲ ಟೇಪಿನ ಸುರಕ್ಕೆ ಹೋಲಿಸಿದೆವು. ಎರಡೂ ಬೆಸೆದುಕೊಂಡವು. ಅಲ್ಲದೆ ಬಿಳಿ ಐದರ ರೀಡು ಸಡಿಲವಾಗಿ ಜುಂಯ್ ಎನ್ನುತ್ತಿತ್ತು. ಆ ಜುಂಯ್ ಟೇಪಿನಲ್ಲಿಯೂ ಇದೆ, ಕಂಪನಿಯ ಕಡತದಲ್ಲಿಯೂ ಇದೆ.

ಆಮೇಲೆ ಜಾತ್ರೆಯಲ್ಲಿ ಮಾರಿದ ಪ್ರತಿಯನ್ನು ಅದೇ ಡೆಕ್ಕಿನಲ್ಲಿ ಹಾಕಿದೆ. ಅದೂ ಶೇ 3ರಷ್ಟು ಚುರುಕು. ಪ್ರತಿ ತೆಗೆಯುವ ಯಂತ್ರ ನಿಧಾನವಾಗಿ ಓಡಿದ್ದರಿಂದ ಆದ ದೋಷ ಅದು: ನಿಧಾನ ಓಡುವ ಟೇಪಿನ ಮೇಲೆ ಮುದ್ರಿಸಿದ್ದು ಸರಿಯಾದ ವೇಗದಲ್ಲಿ ಓಡಿಸಿದಾಗ ಚುರುಕಾಗುತ್ತದೆ. ಮೂರನೆಯ ಹಾಡಿನ ನಡುವೆ ಕ್ಷಣಕಾಲ ಧ್ವನಿ ಅಳಿಸಿಹೋಗುವ ಜಾಗವೂ ಮಾರಾಟದ ಪ್ರತಿಯಲ್ಲಿ, ಕಂಪನಿಯ ಕಡತದಲ್ಲಿ ಒಂದೇ; ಮೂಲದಲ್ಲಿ ಇಲ್ಲ. ಅಲ್ಲಿಗೆ ವಿಷಯ ನಿಚ್ಚಳವಾಯಿತು. ಕಂಪನಿಯ ಬಳಿ ಮೂಲ ಟೇಪು ಎಂದೂ ಇರಲಿಲ್ಲ. ಜಾತ್ರೆಯ ಕ್ಯಾಸೆಟ್ಟೊಂದನ್ನು ನುಡಿಸಿ, ಕಂಪ್ಯೂಟರಿಗೆ ಇಳಿಸಿ, '2014' ಎಂಬ ವರ್ಷ ಹಚ್ಚಿ ಆಲ್ಬಮ್ ಮಾಡಿದ್ದರು. 'ರಿಮಾಸ್ಟರ್' ಎಂದೂ ಬರೆದುಕೊಂಡಿದ್ದರು. ವೇಗವನ್ನೇ ಸರಿಪಡಿಸದ ರಿಮಾಸ್ಟರ್!

ಜಾಲತಾಣದ ಯಂತ್ರ ಇದನ್ನೆಲ್ಲ ನೋಡುವುದಿಲ್ಲ. ಹಾಡಿನ ಪ್ರತಿ ಕ್ಷಣದಲ್ಲಿ ಎದ್ದು ಕಾಣುವ ಆವರ್ತನಗಳನ್ನು ಗುರುತಿಸಿ, ಅವುಗಳ ನಡುವಿನ ಅಂತರವನ್ನು ಅಂಕಿಗಳಾಗಿ ಮಾಡಿ, ಧ್ವನಿಯ ಬೆರಳಚ್ಚನ್ನು ತಯಾರಿಸುತ್ತದೆ. ಕಂಪನಿಗಳು ಮೊದಲೇ ಒಪ್ಪಿಸಿದ ಬೆರಳಚ್ಚುಗಳೊಂದಿಗೆ ಹೊಸದನ್ನು ತಾಳೆ ನೋಡುತ್ತದೆ. ಸುತ್ತಲ ಗದ್ದಲ, ಮೊಬೈಲಿನ ಕಳಪೆ ಮೈಕು ಇವನ್ನೆಲ್ಲ ದಾಟಿ ಹೊಂದಿಸುವಷ್ಟು ಅದು ಜಾಣ. ಮೊಮ್ಮಗ ಏರಿಸಿದ್ದೂ ಜಾತ್ರೆಯ ಪ್ರತಿಯನ್ನೇ ಆದ್ದರಿಂದ ಹೊಂದಿಕೊಳ್ಳುವುದು ಇನ್ನೂ ಸಲೀಸಾಯಿತು. ಎರಡು ಧ್ವನಿ ಒಂದೇ ಎಂದು ಯಂತ್ರ ಹೇಳಿದ್ದು ಸತ್ಯವೇ. ಯಾರು ಮೊದಲು ಬಂದು ಒಪ್ಪಿಸಿದರೋ ಅವರೇ ಒಡೆಯರು ಎಂದು ಎಣಿಸಿದ್ದರಲ್ಲಿ ಮಾತ್ರ ಎಡವಟ್ಟಾಯಿತು.

ಚೀಟಿ ಮತ್ತು ಲೆಕ್ಕದ ಪುಸ್ತಕ

ಒಂದು ಹಾಡಿನ ಕ್ಯಾಸೆಟ್ಟಿನಲ್ಲಿ ಕಾನೂನಿನ ಕಣ್ಣಿಗೆ ನಾಲ್ಕು ಬೇರೆ ಬೇರೆ ಸೊತ್ತುಗಳಿವೆ: ಪದ, ಧಾಟಿ, ಧ್ವನಿಮುದ್ರಿಕೆ, ಹಾಡಿದವರ ಹಕ್ಕು. ಜನ ಇವನ್ನೆಲ್ಲ ಒಂದೇ ಗಂಟು ಮಾಡಿ 'ಕಾಪಿರೈಟ್' ಎನ್ನುತ್ತಾರೆ. ಆ ಗಂಟನ್ನು ಬಿಚ್ಚದೆ ಈ ಪ್ರಕರಣ ಮುಂದೆ ಹೋಗುತ್ತಿರಲಿಲ್ಲ.

ಪದಗಳ ವಿಷಯ ಬೇಗ ಮುಗಿಯಿತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ ಆಯುಷ್ಯದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಎಂಟರಲ್ಲಿ ಆರು ಪದಗಳು ಹಳೆಯ ತತ್ವಪದಕಾರರವು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಉಳಿದ ಎರಡು ಮಂಡಳಿಯ ಹಿರಿಯರೇ ಕಟ್ಟಿದವು. ಕೊನೆಯ ನುಡಿಯಲ್ಲಿ ಅವರು ತಮ್ಮ ಗುರುವಿನ ಅಂಕಿತ ಹಾಕಿದ್ದರಿಂದ ಅದರ ಬಗ್ಗೆ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವರು 2009ರಲ್ಲಿ ತೀರಿಕೊಂಡದ್ದರಿಂದ ಆ ಎರಡು ಪದಗಳ ಹಕ್ಕು 2069ರ ಕೊನೆಯವರೆಗೆ ಅವರ ವಾರಸುದಾರರದು. ಕಂಪನಿಯ ಆಲ್ಬಮ್ಮಿನಲ್ಲಿ ಈ ಎರಡಕ್ಕೂ 'ಸಾಂಪ್ರದಾಯಿಕ' ಎಂದು ನಮೂದಿಸಿದ್ದರು.

ಧಾಟಿಗಳಲ್ಲಿ ಏಳು ಊರಿನ ಹಳೆಯ ಮಟ್ಟುಗಳು. ಎಂಟನೆಯದು ತಕರಾರಿನದು. ಎರಡನೆಯ ಬದಿಯ ಶರೀಫರ ಪದವೊಂದನ್ನು ಮಂಡಳಿಯವರು ಆಗ ಮನೆಮನೆಯಲ್ಲಿ ಕೇಳಿಬರುತ್ತಿದ್ದ ಸುಗಮ ಸಂಗೀತದ ಧಾಟಿಯಲ್ಲಿಯೇ ಹಾಡಿದ್ದರು. ಪದ ಶರೀಫರದಾದರೂ ಆ ಧಾಟಿ ಕಟ್ಟಿದ ಸಂಗೀತಗಾರರು ನಮ್ಮ ಕಾಲದವರು. ಹಳೆಯ ಪದಕ್ಕೆ ಹೊಸ ರಾಗಸಂಯೋಜನೆ ಮಾಡಿದವರಿಗೆ ಆ ಸಂಯೋಜನೆಯ ಮೇಲೆ ಪೂರ್ತಿ ಹಕ್ಕಿದೆ. 'ಶರೀಫರ ಪದ ಎಲ್ಲರದು' ಎನ್ನುತ್ತ ಇಲ್ಲಿ ಕಾಲು ಜಾರಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈ ಒಂದು ಹಾಡನ್ನು ಜಾಲತಾಣದಿಂದ ಇಳಿಸಿಬಿಡುವಂತೆ ವಕೀಲರು ಹೇಳಿದರು, ಮೊಮ್ಮಗ ಇಳಿಸಿದ.

ಜಗಳವಿದ್ದದ್ದು ಮೂರನೆಯದರಲ್ಲಿ. ಧ್ವನಿಮುದ್ರಿಕೆಯ ಹಕ್ಕು ಅದರ ನಿರ್ಮಾಪಕರದು. ಯಾರು ನಿರ್ಮಾಪಕರು? ಆ ಮುದ್ರಣದ ಕೆಲಸಕ್ಕೆ ಮುಂದಾದವರು ಮತ್ತು ಅದರ ಹೊಣೆ ಹೊತ್ತವರು ಎನ್ನುತ್ತದೆ ಕಾಯ್ದೆ. ಹಾಡಿದವರಲ್ಲ, ಗುಂಡಿ ಒತ್ತಿದ ಸ್ಟುಡಿಯೊದವರೂ ಅಲ್ಲ, ಮಾರಿದವರಂತೂ ಅಲ್ಲ. ಕಂಪನಿ ತನ್ನ ಹಕ್ಕಿಗೆ ಆಧಾರವಾಗಿ ಒಂದೇ ಒಂದು ಹಾಳೆಯನ್ನು ಮುಂದಿಟ್ಟಿತು. ಅಂದು ಈ ಕ್ಯಾಸೆಟ್ಟನ್ನು ಮಾರಿದ್ದ ಅಂಗಡಿಯವರ ಮಗ, ತಂದೆಯ ಕಾಲದ ಕ್ಯಾಸೆಟ್ಟುಗಳ ಪಟ್ಟಿಯನ್ನು ಇಡಿಯಾಗಿ ಕಂಪನಿಗೆ ಬರೆದುಕೊಟ್ಟ ಒಪ್ಪಂದ. ಪಟ್ಟಿಯಲ್ಲಿ ಈ ಮಂಡಳಿಯ ಹೆಸರೂ ಇದೆ. ಅಂಗಡಿಯವರಿಗೆ ಆ ಹಕ್ಕು ಎಲ್ಲಿಂದ ಬಂದಿತು ಎನ್ನುವುದಕ್ಕೆ ಕಾಗದವಿಲ್ಲ.

ಇಲ್ಲಿ ಕೆಲಸಕ್ಕೆ ಬಂದದ್ದು ಜಾತ್ರೆಯ ಕ್ಯಾಸೆಟ್ಟಿನ ಡಬ್ಬಿಯೊಳಗಿದ್ದ ಬಣ್ಣದ ಚೀಟಿ. ಮುಂಭಾಗದಲ್ಲಿ ಗವಿಸಿದ್ಧೇಶ್ವರ ಬೆಟ್ಟದ ಚಿತ್ರ, ಒಳಗೆ ಎಂಟು ಪದಗಳ ಮೊದಲ ಸಾಲು, ಐದೂ ಮಂದಿಯ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು. ಒಂದರಲ್ಲಿ 'ನಿರ್ಮಾಣ' ಎಂದು ಮಂಡಳಿಯ ಹೆಸರು, ಇನ್ನೊಂದರಲ್ಲಿ 'ವಿತರಣೆ' ಎಂದು ಅಂಗಡಿಯ ಹೆಸರು. ಧ್ವನಿಮುದ್ರಿಕೆಯ ಮೇಲೂ ಹೊದಿಕೆಯ ಮೇಲೂ ನಿರ್ಮಾಪಕರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇರಲೇಬೇಕೆಂದು ಕಾಯ್ದೆಯ 52ಎ ಕಲಂ ಹೇಳುತ್ತದೆ. 1984ರ ತಿದ್ದುಪಡಿಯಲ್ಲಿ ನಕಲಿ ಕ್ಯಾಸೆಟ್ಟುಗಳ ಹಾವಳಿ ತಡೆಯಲು ಸೇರಿಸಿದ ಕಲಂ ಅದು. ಊರ ಮುದ್ರಣಾಲಯದಲ್ಲಿ ಚೀಟಿ ಹಾಕಿಸಿದವರಿಗೆ ಕಲಂ ಗೊತ್ತಿತ್ತೋ ಇಲ್ಲವೋ, ಬೇರೆ ಕ್ಯಾಸೆಟ್ಟುಗಳನ್ನು ನೋಡಿ ಸಾಲು ಹಾಕಿಸಿದ್ದರು. ವರ್ಷ ಮಾತ್ರ ಬಿಟ್ಟಿದ್ದರು.

ವರ್ಷ ಇಲ್ಲದ್ದು ದೊಡ್ಡ ತೊಡಕಾಗುತ್ತಿತ್ತು. ಕಂಪನಿ '2014' ಎಂದು ಬರೆದುಕೊಂಡು ಕೂತಿದೆ, ನಮ್ಮ ಕೈಯಲ್ಲಿ ತಾರೀಖಿಲ್ಲದ ಚೀಟಿ. ಆದರೆ ಮಂಡಳಿಯ ವಿಳಾಸದ ಕೊನೆಯಲ್ಲಿ 'ತಾ॥ ಗಂಗಾವತಿ, ಜಿ॥ ರಾಯಚೂರು' ಎಂದಿತ್ತು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಎಲ್ಲವೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಹೊಸ ಜಿಲ್ಲೆ ಬಂದ ಮೇಲೆ ಅಂಗಡಿ ಬೋರ್ಡು, ಲಗ್ನಪತ್ರಿಕೆ, ರಬ್ಬರ್ ಸ್ಟಾಂಪು ಎಲ್ಲದರಲ್ಲಿಯೂ ಜನ ಹುರುಪಿನಿಂದ ಜಿಲ್ಲೆ ಬದಲಿಸಿದ್ದು ನಮಗೆಲ್ಲ ನೆನಪಿದೆ. 2014ರಲ್ಲಿ ಯಾರೂ ಗಂಗಾವತಿಯನ್ನು ರಾಯಚೂರು ಜಿಲ್ಲೆಗೆ ಸೇರಿಸಿ ಚೀಟಿ ಅಚ್ಚು ಹಾಕಿಸುವುದಿಲ್ಲ.

ಇದಕ್ಕೆ ಹಿರಿಯರ ಲೆಕ್ಕದ ಪುಸ್ತಕ ಜೊತೆಯಾಯಿತು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆ ಪುಸ್ತಕ. 'ಧಾತು ನಾಮ ಸಂವತ್ಸರ, ಶ್ರಾವಣ' ಎಂದು ಮೇಲೆ ಬರೆದು ಕೆಳಗೆ ಒಂದೊಂದಾಗಿ: ಬಳ್ಳಾರಿಗೆ ಟೆಂಪೊ, ಸ್ಟುಡಿಯೊ ಬಾಡಿಗೆ, ಊಟ, ಖಾಲಿ ಕ್ಯಾಸೆಟ್, ಚೀಟಿ ಅಚ್ಚು. ಧಾತು ಸಂವತ್ಸರ ಎಂದರೆ 1996–97. ಖರ್ಚೆಲ್ಲ ಮಂಡಳಿಯದು. ಅಂಗಡಿಯವರಿಂದ ಬಂದದ್ದು ಮಾರಾಟವಾದಂತೆ ಕೊಟ್ಟ ಕಂತಿನ ಹಣ ಮಾತ್ರ. ಮುಂದಾದವರು ಯಾರು, ಹೊಣೆ ಹೊತ್ತವರು ಯಾರು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಒಂದು ವೇಳೆ ಹಿರಿಯರು ಬಾಯಿಮಾತಿನಲ್ಲಿ 'ಎಲ್ಲ ನಿಮ್ಮದೇ, ಮಾರಿಕೊಳ್ಳಿ' ಎಂದಿದ್ದರು ಎಂದೇ ಇಟ್ಟುಕೊಳ್ಳೋಣ. ಹಕ್ಕು ವರ್ಗಾವಣೆ ಲಿಖಿತದಲ್ಲಿ ಸಹಿಯೊಂದಿಗೆ ಇರಬೇಕೆಂದು 19ನೆಯ ಕಲಂ ಕಟ್ಟುನಿಟ್ಟಾಗಿ ಹೇಳುತ್ತದೆ. ಬರೆದುಕೊಟ್ಟಿದ್ದರೂ, ಎಷ್ಟು ವರ್ಷಕ್ಕೆ ಎಂದು ಹೇಳದಿದ್ದರೆ ಅದು ಐದೇ ವರ್ಷಕ್ಕೆ. ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ. 1997ರಲ್ಲಿ ಹಾಗೆ ಕೊಟ್ಟಿದ್ದರೂ 2002ಕ್ಕೆ ಮುಗಿಯುತ್ತಿತ್ತು. ತಂದೆಯ ಬಳಿ ಇಲ್ಲದ್ದನ್ನು ಮಗ ಮಾರಿದ್ದಾನೆ. ಅವನ ಮೇಲೆ ನನಗೆ ಹೆಚ್ಚು ಸಿಟ್ಟಿಲ್ಲ. ಗೋದಾಮಿನಲ್ಲಿ ಕೊಳೆಯುತ್ತಿದ್ದ ಕ್ಯಾಸೆಟ್ಟುಗಳಿಗೆ ಯಾರೋ ಬಂದು ಕಾಸು ಕೊಡುತ್ತೇನೆ ಎಂದರು, ಕೊಟ್ಟ. ಪಟ್ಟಿಯಲ್ಲಿರುವ ಒಂದೊಂದು ಹೆಸರಿಗೂ ಮೂಲ ಕಾಗದ ಎಲ್ಲಿ ಎಂದು ಕೇಳಬೇಕಾಗಿದ್ದದ್ದು ಕೊಂಡ ಕಂಪನಿ. ಅವರ ಬಳಿ ವಕೀಲರ ದಂಡೇ ಇರುತ್ತದೆ.

ಅಂದ ಹಾಗೆ, ಪ್ರಕಟವಾದ ಮರುವರ್ಷದಿಂದ 60 ವರ್ಷ ಎಂಬ ಲೆಕ್ಕದಲ್ಲಿ ಈ ಧ್ವನಿಮುದ್ರಿಕೆಯ ಹಕ್ಕು 2057ರ ಕೊನೆಯವರೆಗೆ ಇದೆ.

'ನನ್ನ ಹೆಸರು ಎಲ್ಲಿದೆ?'

ಮೊಮ್ಮಗ ಮೊದಲು ಸಲ್ಲಿಸಿದ ಆಕ್ಷೇಪಣೆಯನ್ನು ಕಂಪನಿ ಒಂದೇ ಸಾಲಿನಲ್ಲಿ ತಳ್ಳಿಹಾಕಿತ್ತು. ಆ ತಾಣದ ನಿಯಮದಂತೆ ಆಕ್ಷೇಪಣೆಗೆ ಉತ್ತರಿಸಲು ಹಕ್ಕು ಕೋರಿದವರಿಗೆ 30 ದಿನ, ಮೇಲ್ಮನವಿಗೆ ಏಳು ದಿನ. ಮೇಲ್ಮನವಿಯನ್ನೂ ಒಪ್ಪದೆ ಅವರು ವಿಡಿಯೊ ತೆಗೆಸಿದರೆ ಚಾನೆಲ್ಲಿಗೆ ಒಂದು ಕಪ್ಪು ಚುಕ್ಕೆ, ಅಂಥ ಮೂರು ಬಿದ್ದರೆ ಚಾನೆಲ್ಲೇ ಬಂದ್. ಈ ಭಯಕ್ಕೆ ಬಹಳ ಜನ ಮೊದಲ ಹಂತದಲ್ಲಿಯೇ ಕೈಚೆಲ್ಲುತ್ತಾರೆ. ಚೀಟಿ, ಖಾತೆ ಪುಸ್ತಕದ ಪುಟ, ತುಣುಕಿನ ಧ್ವನಿ ಇವನ್ನೆಲ್ಲ ಸೇರಿಸಿ ಮೇಲ್ಮನವಿ ಸಿದ್ಧಪಡಿಸಿ, ಅದಕ್ಕೆ ಮಂಡಳಿಯ ಬದುಕಿರುವ ಇಬ್ಬರ ಸಹಿ ಪಡೆಯಲು ಹಳ್ಳಿಗೆ ಹೋದೆವು.

ಇಬ್ಬರಲ್ಲಿ ಹಿರಿಯವರಾದ ಹಿಮ್ಮೇಳದ ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಮೊಮ್ಮಗ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಅವರು ಹಾಡನ್ನು ಪೂರ್ತಿ ಕೇಳಿದರು, ಬೆರಳಿನಲ್ಲಿ ತಾಳ ಹಾಕಿದರು, ಆಮೇಲೆ ಕನ್ನಡಕ ಏರಿಸಿ ಪರದೆಯ ಮೇಲೆ ಬರೆದದ್ದನ್ನು ಓದಿದರು. "ತಮ್ಮಾ, ಮುಂದೆ ಹಾಡಿದವರು ನಿಮ್ಮ ಅಜ್ಜ, ಇಲ್ಲವೆನ್ನುವುದಿಲ್ಲ. ಆದರೆ ಬಳ್ಳಾರಿಗೆ ಹೋಗುವ ಖರ್ಚಿಗೆ ನಾನೂ ಎರಡು ಚೀಲ ಭತ್ತ ಮಾರಿ ಕೊಟ್ಟಿದ್ದೇನೆ. ಇದರಲ್ಲಿ ನನ್ನ ಹೆಸರು ಎಲ್ಲಿದೆ?" ಎಂದರು.

ವಿಡಿಯೊದಲ್ಲಿ ಹಾರ್ಮೋನಿಯಂ ಹಿರಿಯರ ಹೆಸರು, ಭಾವಚಿತ್ರ ಬಿಟ್ಟರೆ ಬೇರೆ ಯಾರದೂ ಇರಲಿಲ್ಲ. ಖಾತೆ ಪುಸ್ತಕವನ್ನು ಮತ್ತೆ ತೆರೆದೆವು. ಖರ್ಚಿನ ಪುಟದ ಎದುರಿನ ಪುಟದಲ್ಲಿ ಜಮಾ ಇತ್ತು: ಐವರ ಹೆಸರು, ಯಾರಿಂದ ಎಷ್ಟು. ಅಜ್ಜ ಹೇಳಿದ ಭತ್ತವೂ ಅಲ್ಲಿತ್ತು. ಕಂಪನಿಯನ್ನು ಸೋಲಿಸಲು ಹಿಡಿದುಕೊಂಡು ಬಂದಿದ್ದ ಪುಸ್ತಕವೇ, ಧ್ವನಿಮುದ್ರಿಕೆ ಮೊಮ್ಮಗನ ಮನೆಯೊಂದರ ಆಸ್ತಿಯಲ್ಲ ಎಂದು ಹೇಳುತ್ತಿತ್ತು.

ಕಾನೂನಿನ ಪ್ರಕಾರವೂ ಅಜ್ಜನ ಮಾತು ಗಟ್ಟಿ. ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಎಂಬುದು 1994ರ ತಿದ್ದುಪಡಿಯಿಂದ ಬಂದಿದೆ. ಜಾರಿಯಾದದ್ದು 1995ರ ಮೇ ತಿಂಗಳಲ್ಲಿ. ಮೊದಲು 25 ವರ್ಷವಿದ್ದದ್ದು 1999ರಲ್ಲಿ 50 ಆಯಿತು. 1996ರಲ್ಲಿ ಹಾಡಿದ ಈ ಐವರ ಹಕ್ಕು 2046ರವರೆಗೆ ಜೀವಂತ. ಹಿಮ್ಮೇಳದವರು, ತಾಳದವರು ಎಂಬ ಮೇಲು–ಕೀಳು ಕಾಯ್ದೆಯಲ್ಲಿಲ್ಲ. 2012ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆಲ್ಲ ಹಕ್ಕು ಮಾರಿದ ಮೇಲೂ ಪ್ರದರ್ಶಕರೆಂದು ಹೆಸರು ಹೇಳಿಸಿಕೊಳ್ಳುವ ಹಕ್ಕು ಅವರಲ್ಲಿಯೇ ಉಳಿಯುತ್ತದೆ ಎಂದಿತು. ಕಂಪನಿ 'ವಿವಿಧ ಕಲಾವಿದರು' ಎಂದು ಬರೆದು ಐವರನ್ನೂ ಅಳಿಸಿತ್ತು. ಮೊಮ್ಮಗ ನಾಲ್ವರನ್ನು ಬಿಟ್ಟಿದ್ದ. ಅವನಿಗೆ ದುರುದ್ದೇಶವಿರಲಿಲ್ಲ, ಪ್ರೀತಿಯಿಂದ ಮಾಡಿದ್ದು. ಆದರೂ ಕೆಲಸ ಒಂದೇ ಜಾತಿಯದು. ಇದನ್ನು ಅವನ ಎದುರಿಗೇ ಹೇಳಿದೆ. ಮುಖ ಸಣ್ಣದಾಯಿತು. ಆ ರಾತ್ರಿಯೇ ಐವರ ಹೆಸರನ್ನೂ ಸೇರಿಸಿದ.

ಮೇಲ್ಮನವಿಗೆ ಅಜ್ಜ ಸಹಿ ಹಾಕಿದರು. ಕಂಪನಿ ಉತ್ತರಿಸಲಿಲ್ಲ. ಏಳು ದಿನ ಕಳೆದದ್ದೇ ಹಕ್ಕು ಕೋರಿಕೆ ತಾನಾಗಿ ಬಿದ್ದುಹೋಯಿತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ, ಇಂಥ ಕಡೆ ಯಾರೂ ಹೇಳುವುದೂ ಇಲ್ಲ. ಅಷ್ಟು ದಿನದಲ್ಲಿ ಕಂಪನಿಗೆ ಹೋದ ಜಾಹೀರಾತಿನ ಹಣದಲ್ಲಿ ಒಂದು ಹಾರ್ಮೋನಿಯಂ ರೀಡು ಕೂಡ ಬರುತ್ತಿರಲಿಲ್ಲ.

ಮನೆಯೊಳಗಿನ ಕೆಲಸ ಇದಕ್ಕಿಂತ ಬಹಳ ದಿನ ಹಿಡಿಯಿತು. ಭಜನಾ ಮಂಡಳಿ ಎಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು, ಕಾನೂನಿಗೆ ಗೊತ್ತಿಲ್ಲ. ನೋಂದಣಿಯಾದ ಸಂಘವಲ್ಲ, ಅಧ್ಯಕ್ಷ ಕಾರ್ಯದರ್ಶಿ ಇಲ್ಲ. ಹಾಗಾಗಿ ನಿರ್ಮಾಪಕರು ಐವರೂ ಜಂಟಿಯಾಗಿ ಎಂದು ಹಿಡಿದು ನಡೆಯುವುದೇ ಕ್ಷೇಮ ಎಂದರು ವಕೀಲರು. ಮೂವರು ಇಲ್ಲ, ಅವರ ಪಾಲು ವಾರಸುದಾರರಿಗೆ. ತಬಲಾದವರಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬರನ್ನು ಸಿಂಧನೂರಿಗೆ ಕೊಟ್ಟಿದೆ, ಇನ್ನೊಬ್ಬರು ಬೆಂಗಳೂರಿನಲ್ಲಿದ್ದಾರೆ. 'ಹೊರಗೆ ಕೊಟ್ಟ ಹೆಣ್ಣುಮಕ್ಕಳ ಸಹಿ ಏಕೆ' ಎಂದು ಊರಿನವರೊಬ್ಬರು ಕೇಳಿದ್ದೂ ಆಯಿತು. ತಂದೆಯ ಸ್ವಂತ ಸಂಪಾದನೆಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಇರುವುದು 1956ರಿಂದಲೇ ಎಂದು ವಕೀಲರು ತಿಳಿಹೇಳಬೇಕಾಯಿತು. ದಮ್ಮಡಿಯವರು ಮುಸ್ಲಿಮರು, ಅವರ ಮನೆಯ ವಾರಸಿನ ಲೆಕ್ಕವೇ ಬೇರೆ. ಪಾಲಿನ ಲೆಕ್ಕ ಬಿಡಿಸುತ್ತ ಕೂರುವುದಕ್ಕಿಂತ ಎಲ್ಲ ವಾರಸುದಾರರಿಂದಲೂ ಸಹಿ ಪಡೆಯುವುದು ಸುಲಭವೆಂದು ಹಾಗೆಯೇ ಮಾಡಿದರು.

ಛಾಪಾ ಕಾಗದದ ಮೇಲೆ ಬರೆದ ಒಪ್ಪಂದ ಎರಡು ಪುಟದ್ದು. ಧ್ವನಿಮುದ್ರಿಕೆ ಐದು ಮನೆಗಳ ಜಂಟಿ ಸೊತ್ತು. ಹಿರಿಯರು ಕಟ್ಟಿದ ಎರಡು ಪದಗಳ ಸಾಹಿತ್ಯ ಮಾತ್ರ ಅವರ ಮನೆಯದು. ಎಲ್ಲಿ ಹಾಕಿದರೂ ಐವರ ಹೆಸರು, ವಾದ್ಯದ ಸಮೇತ. ಜಾಲತಾಣ ನೋಡಿಕೊಳ್ಳುವುದು ಮೊಮ್ಮಗನ ಜವಾಬ್ದಾರಿ. ಖರ್ಚು ಕಳೆದು ಉಳಿದದ್ದು ಐದು ಪಾಲು. ಅವಧಿ ಹತ್ತು ವರ್ಷ, ಪ್ರದೇಶ ಇಡೀ ಜಗತ್ತು ಎಂದು ಸ್ಪಷ್ಟವಾಗಿ ಬರೆಸಿದರು. ಇವೆರಡನ್ನೂ ಬಿಟ್ಟಿದ್ದರೆ ಐದು ವರ್ಷಕ್ಕೆ ಮುಗಿದು, ಭಾರತದ ಗಡಿಯೊಳಗೇ ನಿಲ್ಲುತ್ತಿತ್ತು. ದುಬೈಯಲ್ಲಿ ಕೂತು ಕೇಳುವ ಗಂಗಾವತಿಯವರು ಒಪ್ಪಂದದ ಹೊರಗಾಗುತ್ತಿದ್ದರು. ನಾನು ಟೇಪು ಇಳಿಸಿದ್ದಕ್ಕೆ ಕೂಲಿ ಪಡೆದೆ. ಇಳಿಸಿದ ಕಡತದ ಮೇಲೆ ನನಗೆ ಹಕ್ಕಿಲ್ಲ ಎಂಬ ಸಾಲನ್ನು ನಾನೇ ಸೇರಿಸಿದೆ. ನನ್ನ ಕಸುಬಿನವರಲ್ಲಿ ಕೆಲವರು ಇದನ್ನು ಬೇಕೆಂದೇ ಬಾಯಿ ಬಿಡುವುದಿಲ್ಲ.

ಈಗ ಹಕ್ಕುಸ್ವಾಮ್ಯ ನೋಂದಣಿಗೆ ಅರ್ಜಿ ಹೋಗಿದೆ. ನೋಂದಣಿ ಕಡ್ಡಾಯವಲ್ಲ, ಹಕ್ಕು ಅದಿಲ್ಲದೆಯೂ ಇದೆ. ಆದರೆ ನ್ಯಾಯಾಲಯದಲ್ಲಿ ಅದು ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಧ್ವನಿಮುದ್ರಿಕೆಗೆ ಶುಲ್ಕ 2,000 ರೂಪಾಯಿ, ಐದು ಮನೆಯವರೂ ಹಂಚಿಕೊಂಡರು. ಕಂಪನಿಯ ಆಲ್ಬಮ್ ವಕೀಲರ ನೋಟಿಸಿನ ನಂತರ ಕೆಲವು ಆ್ಯಪ್‌ಗಳಿಂದ ಇಳಿದಿದೆ, ಒಂದರಲ್ಲಿ ಇನ್ನೂ ಇದೆ. ದಾವೆ ಹೂಡುವುದಾದರೆ ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಹಕ್ಕುದಾರರು ವಾಸಿಸುವ ಜಾಗದ ಜಿಲ್ಲಾ ನ್ಯಾಯಾಲಯದಲ್ಲಿಯೇ ಹೂಡಬಹುದೆಂದು 62ನೆಯ ಕಲಂ ಅವಕಾಶ ಕೊಟ್ಟಿದೆ. ಹೂಡಬೇಕೇ ಬೇಡವೇ ಎಂಬುದರಲ್ಲಿ ಐದು ಮನೆಗಳಲ್ಲಿ ಇನ್ನೂ ಒಮ್ಮತವಿಲ್ಲ. ಮೂಲ ಟೇಪಿನಿಂದ ತೆಗೆದ ಏಳು ಹಾಡುಗಳು ಸರಿಯಾದ ವೇಗದಲ್ಲಿ, ತಬಲಾ ಇಳಿದ ತುಣುಕಿನ ಸಮೇತ ಜಾಲತಾಣದಲ್ಲಿವೆ. ಎಂಟನೆಯದಕ್ಕೆ ಧಾಟಿ ಕಟ್ಟಿದವರ ಕಡೆಯವರಿಗೆ ಅನುಮತಿ ಕೇಳಿ ಪತ್ರ ಬರೆದಿದ್ದಾರೆ, ಉತ್ತರ ಬಂದಿಲ್ಲ.